ಅಜ್ಜಿ ಕಲಿಸಿದ ಬೈಗುಳ

ಮಿಶನ್ನಿನವರ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವ ಕೆಲಸಕ್ಕೆ ಸೇರಿದ ಮೇಲೆ ನನ್ನ ಅಮ್ಮ ಕ್ರೈಸ್ತಳಾದಳು. ಅಜ್ಜಿ ಆಗಲಿಲ್ಲ. ಪಡೀಲಿನ ಆಚೆಯ ಗುಡ್ಡದಲ್ಲಿ, ನಮ್ಮ ಕೊರಗರ ಗುಡಿಸಲುಗಳ ನಡುವೆ ಬುಟ್ಟಿ ಹೆಣೆಯುತ್ತ ಉಳಿದಳು. “ತಲೆಗೆ ನೀರು ಹೊಯ್ದರೆ ಬಿದಿರು ಬಾಳೆ ಆಗ್ತದಾ?” ಮಗಳ ಹೊಸ ಮತದ ಬಗ್ಗೆ ಅವಳು ಆಡಿದ್ದು ಇದೊಂದೇ ಮಾತು.

ಚರ್ಚಿನ ಶಾಲೆಯಲ್ಲಿ ಉಪದೇಶಿಗಳು ನನಗೆ, ನೀನಿನ್ನು ಕೊರಗರವಳಲ್ಲ ಎಂದು ಪ್ರೀತಿಯಿಂದಲೇ ಹೇಳುತ್ತಿದ್ದರು. ಮಕ್ಕಳು ಮಾತ್ರ ನಾನು ಕೊರಗರವಳೆಂದು ನನ್ನ ಬೆಂಚಿನಲ್ಲಿ ಕೂರುತ್ತಿರಲಿಲ್ಲ. ಇಡೀ ಬೆಂಚು ನನ್ನದೇ ಆದ್ದರಿಂದ ಮಧ್ಯಾಹ್ನ ಅದರ ಮೇಲೆ ಕಾಲು ಚಾಚಿ ಮಲಗುತ್ತಿದ್ದೆ.

ರಜೆಯಲ್ಲಿ ಗುಡ್ಡಕ್ಕೆ ಹೋದಾಗ ಅಜ್ಜಿ ನನಗೆ ನಮ್ಮ ಭಾಷೆ ಕಲಿಸುತ್ತಿದ್ದಳು. ಹೊರಗಿನವರೆದುರು ನಮ್ಮವರು ತುಳುವಿನಲ್ಲೇ ಮಾತಾಡುತ್ತಿದ್ದರು. ನಮ್ಮ ಭಾಷೆ ಒಳಗಿನ ಮಾತು, ಬೇರೆಯವರ ಕಿವಿಗೆ ಬೀಳಬಾರದು. ತನಗೆ ಹೆಚ್ಚು ಬಳಕೆಯಿದ್ದುದನ್ನೇ ಅವಳು ಮೊದಲು ಕಲಿಸಿದಳು, ಅಂದರೆ ಬೈಗುಳ. ಅದರಲ್ಲಿ ಮುಕ್ಕಾಲುಪಾಲು ಅವಳ ತಮ್ಮನ ಮೇಲೆ. ಅವರು ಆ ಗುಡ್ಡದ ಗುರಿಕಾರರು, ಅಂದರೆ ನಮ್ಮವರ ಮುಖಂಡರು; ಊರಿಗೇ ಹೆಸರಾದ ಡೋಲು ಬಾರಿಸುವವರು.

ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವ ದಿನ ವರ್ಷಕ್ಕೊಮ್ಮೆ ಬರುತ್ತಿತ್ತು. ಚರ್ಚಿಗೆ ಸೇರಿದಂದಿನಿಂದ ಅಮ್ಮ ಹೋಗಿರಲಿಲ್ಲ. ಆ ವರ್ಷ ಮೊಮ್ಮಗಳನ್ನಾದರೂ ಕಳುಹಿಸು ಎಂದು ಅಜ್ಜಿ ಹೇಳಿಕಳಿಸಿದಳು. ಅಮ್ಮ ನನ್ನನ್ನು ಗುಡ್ಡದ ಬುಡದವರೆಗೆ ತಂದು, ತಾನು ಕೆಳಗೇ ಗೇರುಮರದಡಿ ಕಾಯುತ್ತೇನೆಂದು ಕುಳಿತಳು.

ಅಜ್ಜಿ ನನ್ನ ಕೈ ಹಿಡಿದು ಸೀದಾ ಊಟದ ಸಾಲಿನಲ್ಲಿ ಕೂರಿಸಿದಳು. ಗುರಿಕಾರರು ಅಡ್ಡ ಬಂದರು.

“ಅಕ್ಕ, ಇವಳು ಎಲೆಗೆ ಕೂರುವ ಹಾಗಿಲ್ಲ. ಇವಳ ಅಮ್ಮ ನಮ್ಮನ್ನು ಬಿಟ್ಟು ಹೋದವಳು.”

“ಬಳಿ ಯಾರಿಂದ ಬರುವುದು?” ಅಜ್ಜಿ ಕೇಳಿದಳು. ಬಳಿ ಎಂದರೆ ನಮ್ಮ ಕುಲ.

“ತಾಯಿಯಿಂದ.”

“ಇವಳ ತಾಯಿ ಯಾರ ಹೊಟ್ಟೆಯಲ್ಲಿ ಹುಟ್ಟಿದ್ದು? ಉಪದೇಶಿಯದ್ದಾ?”

ಗುರಿಕಾರರು ಕಿವಿ ತುರಿಸಿಕೊಂಡರು. ಸೋತೆ ಎನ್ನಲು ಮನಸ್ಸಿಲ್ಲ. “ಬಳಿ ಉಂಟು, ಸರಿ. ಭಾಷೆ ಉಂಟಾ? ನಮ್ಮ ಮಾತಲ್ಲಿ ಎಂತಾದರೂ ಹೇಳಲಿ, ನೋಡುವ.”

ಎಲ್ಲರೂ ನನ್ನತ್ತ ತಿರುಗಿದರು. ನೀರು, ಅನ್ನ, ಬಾ, ಹೋಗು ಇವೆಲ್ಲ ನನಗೆ ಗೊತ್ತಿದ್ದವು. ಅಷ್ಟು ಹೇಳಿದ್ದರೂ ಸಾಕಿತ್ತೇನೋ. ಆದರೆ ಇಷ್ಟು ಜನ ಕಿವಿಗೊಟ್ಟು ನಿಂತಿರುವಾಗ ಬರಿಯ ನೀರು, ಅನ್ನ ಎನ್ನಲು ನನಗೆ ಮನಸ್ಸಾಗಲಿಲ್ಲ. ಶಾಲೆಯಲ್ಲಿ ಪದ್ಯ ಒಪ್ಪಿಸುವವಳ ಹಾಗೆ ಎದ್ದು ಕೈಕಟ್ಟಿ, ಅಜ್ಜಿಯದೇ ರಾಗದಲ್ಲಿ ಶುರುಮಾಡಿದೆ. ಕನ್ನಡದಲ್ಲಿ ಅದರ ಅರ್ಧ ಖಾರವೂ ಉಳಿಯುವುದಿಲ್ಲ: ಒಳಗೆ ಏನೂ ಇಲ್ಲದೆ ಊರಿಡೀ ಕೇಳಿಸುವ ಡೋಲೇ, ಅಕ್ಕ ಉಣ್ಣಿಸಿದ ಗಂಜಿಯಿಂದ ಬೆಳೆದು ಅಕ್ಕನಿಗೇ ನ್ಯಾಯ ಹೇಳುವ ಕಿಲಾಡಿಯೇ… ಮುಂದಿನದನ್ನು ಬರೆಯುವಂತಿಲ್ಲ.

ಅಜ್ಜಿ ಎದುರಿನ ಗುಡ್ಡವನ್ನೇ ನೋಡುತ್ತಿದ್ದಳು. ಮೊದಲು ಕಿಸಕ್ಕೆಂದು ನಕ್ಕದ್ದು ಗುರಿಕಾರರ ಹೆಂಡತಿ. ಆಮೇಲೆ ಇಡೀ ಸಾಲು ಹೊಟ್ಟೆ ಹಿಡಿದುಕೊಂಡಿತು.

ಗುರಿಕಾರರು, “ಹೊರಗಿನವರಿಗೆ ನನ್ನನ್ನು ಇಷ್ಟು ಚೆಂದ ಬೈಯಲಿಕ್ಕೆ ಬರುವುದಿಲ್ಲ. ಕೂತುಕೋ,” ಎಂದರು. ಮತ್ತೆ ಕೆಳಗೆ ಗೇರುಮರದತ್ತ ನೋಡಿದರು. “ಅವಳು ಅಲ್ಲಿ ಎಂತ ಮಾಡುವುದು? ಬರಲಿಕ್ಕೆ ಹೇಳಿ.”

ಅಮ್ಮ ಬಂದು ಸಾಲಿನ ತುದಿಯಲ್ಲಿ ಕುಳಿತಳು. ಅನ್ನ ಬಿದ್ದೊಡನೆ ಅಭ್ಯಾಸಬಲದಿಂದ ಕಣ್ಣುಮುಚ್ಚಿ ಪ್ರಾರ್ಥನೆಗೆ ತೊಡಗಿದಳು. ಅಜ್ಜಿ ಸೌಟು ಹಿಡಿದು ಅದು ಮುಗಿಯುವವರೆಗೆ ನಿಂತಿದ್ದು, ಆಮೇಲೆ ಕೋಳಿಯ ದೊಡ್ಡ ತುಂಡನ್ನು ಅವಳ ಎಲೆಗೆ ಹಾಕಿದಳು.

ಸುದ್ದಿ ಉಪದೇಶಿಗಳಿಗೆ ಮುಟ್ಟದೆ ಇರಲಿಲ್ಲ. ಕೆಲವು ತಿಂಗಳು ಅಮ್ಮನನ್ನು ಚರ್ಚಿನಲ್ಲಿ ಬಾಗಿಲ ಬಳಿಯೇ ಕೂರಿಸಿದರು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದಳು ಅಮ್ಮ. ಮರುವರ್ಷ ಗುಡ್ಡ ಹತ್ತುವಾಗ ಅವಳು ನನಗಿಂತ ಮುಂದಿದ್ದಳು.