ಅಳಿವೆ ದಾಟದ ಕ್ಲೀಟಸ್

ಶಕ್ತಿಕುಳಂಗರದ ಬಂದರಿನಲ್ಲಿ ಯಾವ ಬೋಟಿನ ಎಂಜಿನ್ ಕಾದರೂ ಮೊದಲು ಕರೆ ಹೋಗುವುದು ಮೆಕ್ಯಾನಿಕ್ ಕ್ಲೀಟಸ್‌ಗೆ, ಎಲ್ಲರ ಬಾಯಲ್ಲಿ ಆಶಾನ್, ಅಂದರೆ ಗುರು. ಅವನ ಶೆಡ್ಡಿನ ಪಕ್ಕದ ಐಸ್ ಫ್ಯಾಕ್ಟರಿಯಲ್ಲಿ ನನ್ನ ಕೆಲಸ. ಮಧ್ಯಾಹ್ನದ ಊಟ ಇಬ್ಬರದೂ ಒಂದೇ ಬೆಂಚಿನ ಮೇಲೆ.

ಬೋಟಿನ ತಳದಲ್ಲೊಂದು ಜರಡಿ ಇರುತ್ತದೆ. ಅದರ ಮೂಲಕ ಒಳಗೆ ಹೋದ ಕಡಲ ನೀರು ಎಂಜಿನ್ನಿನ ಬಿಸಿ ಹೊತ್ತು ಪಕ್ಕದ ಕೊಳವೆಯಿಂದ ಹೊರಗೆ ಬೀಳುತ್ತದೆ. ಆ ಧಾರೆಗೆ ಕೈಯೊಡ್ಡಿದರೆ ಸಾಕು, ಪಂಪಿನ ರಬ್ಬರು ಮುರಿದಿದೆಯೋ, ಕೊಳವೆಯಲ್ಲಿ ಉಪ್ಪು ಕಟ್ಟಿದೆಯೋ ಕ್ಲೀಟಸ್‌ಗೆ ತಿಳಿಯುತ್ತದೆ. ಆಮೇಲೆ ಬೆರಳು ನೆಕ್ಕುತ್ತಾನೆ. ಅದು ಮಾತ್ರ ರಿಪೇರಿಗಲ್ಲ.

ಮದುವೆಯ ಹೊಸತರಲ್ಲಿ ಅವನೂ ಬೋಟಿನಲ್ಲಿ ಎಂಜಿನ್ ನೋಡಿಕೊಂಡು ಕಡಲಿಗೆ ಹೋಗುತ್ತಿದ್ದವನೇ. ಒಮ್ಮೆ ನಡುಗಡಲಲ್ಲಿ ಎಂಜಿನ್ ಕಾದು ಸುಟ್ಟಿತು, ಬೋಟು ಗಾಳಿ ಹೊಡೆದತ್ತ ತೇಲಿಹೋಯಿತು. ಎಷ್ಟೋ ದಿನ ಸುದ್ದಿಯಿಲ್ಲ. ಬಸುರಿ ಆಗ್ನೆಸ್ ಇಗರ್ಜಿಯಲ್ಲಿ ಮಾತೆಯ ಮುಂದೆ ಮೊಣಕಾಲೂರಿ ಹರಕೆ ಹೊತ್ತಳು: ಗಂಡನನ್ನು ಮರಳಿ ಕೊಟ್ಟರೆ ಅವನನ್ನು ಇನ್ನೆಂದೂ ಕಡಲಿಗೆ ತೆರೆಯುವ ಅಳಿವೆ ದಾಟಲು ಬಿಡುವುದಿಲ್ಲ. ಅವನು ಬದುಕಿ ಬಂದ. ತನ್ನನ್ನು ಕೇಳದೆಯೇ ಕಡಲನ್ನು ಹರಕೆಗೆ ಕೊಟ್ಟದ್ದು ಬಂದ ಮೇಲೆ ಗೊತ್ತಾಯಿತು. ಅಂದು ಹೊಟ್ಟೆಯಲ್ಲಿದ್ದ ಮಗಳಿಗೆ ಈಗ ಮಕ್ಕಳಾಗಿವೆ, ಅವನಿನ್ನೂ ಬಂದರಿನಲ್ಲೇ ಇದ್ದಾನೆ. ರಿಪೇರಿಯಾದ ಬೋಟನ್ನು ಓಡಿಸಿ ನೋಡುವಾಗಲೂ ಅಳಿವೆಯ ತಿರುವಿನಲ್ಲಿ ಸಣ್ಣ ದೋಣಿಗೆ ಇಳಿದು ವಾಪಸ್ಸಾಗುತ್ತಾನೆ. ಹಾಗೆ ಇಳಿಯುವುದನ್ನು ನೋಡಿದಾಗೆಲ್ಲ ನನಗೆ ಆಗ್ನೆಸ್ ಮೇಲೆ ಸಿಟ್ಟು ಬರುತ್ತಿತ್ತು.

ಈ ವರ್ಷ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯಿತು. ಹೊಸ ಬಣ್ಣ ಬಳಿದ ಬೋಟುಗಳಿಗೆ ಪಾದ್ರಿಗಳು ತೀರ್ಥ ಚಿಮುಕಿಸಿದರು, ಎಲ್ಲವೂ ಹೊರಟವು. ಮಾರನೆಯ ದಿನವೇ ಜೆರೋಮನ ಬೋಟು ಬರಿಗೈಯಲ್ಲಿ ತಿರುಗಿ ಬಂತು.

"ಆಶಾನೇ, ಇಲ್ಲಿ ತಣ್ಣಗೇ ಇರುತ್ತೆ ದರಿದ್ರದ್ದು. ಹೊರಗೆ ಹೋಗಿ ಬಲೆ ಎಳೆಯೋಕೆ ಶುರು ಮಾಡಿದ್ರೆ ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಏರುತ್ತೆ. ನೀವೇ ಒಂದ್ಸಲ ಜೊತೆಗೆ ಬಂದು ನೋಡ್ಬೇಕು" ಎಂದ ಜೆರೋಮ್.

ಕ್ಲೀಟಸ್ ಎಂಜಿನ್ ಜೋರು ಮಾಡಿಸಿ ಧಾರೆಗೆ ಕೈಯೊಡ್ಡಿದ. ಎಂಜಿನ್ನಿನ ಸದ್ದು ಏರಿತು, ನೀರು ಏರಲಿಲ್ಲ. ಬಂದು ಬೆಂಚಿನ ಮೇಲೆ ಕೂತ. ಅಷ್ಟರಲ್ಲಿ ಆಗ್ನೆಸ್ ಬೇಯಿಸಿದ ಮರಗೆಣಸು, ಮೀನುಸಾರು ತಂದಳು.

"ಚೇಚಿ, ಒಂದೇ ಒಂದು ದಿನ ಕಳಿಸಿಕೊಡಿ. ಮಾತೆಗೆ ನಾನೇ ಇಷ್ಟುದ್ದದ ಮೇಣದಬತ್ತಿ ಹಚ್ತೀನಿ" ಎಂದು ಜೆರೋಮ್ ಗೋಗರೆದ.

"ಹೋದ ವರ್ಷ ಒಪ್ಕೊಂಡಿದ್ದು ಹಚ್ಚಿದ್ಯೇನೋ ಮೊದ್ಲು?" ಎಂದವಳು ಗಂಡನತ್ತ ತಿರುಗಿದಳು. ಅವನ ಮುಖ ನೋಡಿ ದನಿ ತಗ್ಗಿಸಿದಳು. "ಹೊರಗೆ ಹೋಗದೆ ಗೊತ್ತಾಗೋದೇ ಇಲ್ವಾ? ಇಲ್ಲ ಅಂದ್ರೆ ಹೋಗಿ ಬನ್ನಿ. ಅವರೆಲ್ಲರ ಹೊಟ್ಟೆಪಾಡು. ಮಾತೆ ಹತ್ರ ನಾನು ಮಾತಾಡ್ತೀನಿ."

ಗೊತ್ತಾಗೋದಿಲ್ಲ ಅನ್ನು ಮಾರಾಯಾ, ಒಂದೇ ಮಾತು, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಕ್ಲೀಟಸ್ ಅಳಿವೆಯ ಕಡೆ ನೋಡುತ್ತ ಕೂತ. ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

"ಗೊತ್ತಾಗುತ್ತೆ" ಎಂದ ಕೊನೆಗೆ. "ಜೆರೋಮೇ, ನಿನ್ನ ಭಾವಮೈದ ಬೋಟಿಗೆ ಶೃಂಗಾರ ಮಾಡೋ ಹುರುಪಲ್ಲಿ ಜರಡಿಗೂ ಬಣ್ಣ ಬಳಿದಿದ್ದ. ದಡದ ಮೇಲಿದ್ದಾಗ ನೋಡಿದ್ದೆ, ಒಣಗಿದ ಮೇಲೆ ಕೆರೀತಾನೆ ಅಂದ್ಕೊಂಡಿದ್ದೆ. ಕೆರೆದಿಲ್ಲ. ತೂತು ಕಿರಿದಾಗಿದೆ. ನಿಧಾನ ಓಡುವಾಗ ಬರೋ ನೀರು ಸಾಕು, ಬಲೆ ಎಳೆಯುವಾಗ ಸಾಲೋದಿಲ್ಲ. ಬೋಟು ಮೇಲೆಳೆದು ಕೆರೆಸು."

ಹೇಳಿ ಎದ್ದು ಕೈ ತೊಳೆದುಕೊಂಡ. ಆಗ್ನೆಸ್ ಪಾತ್ರೆ ಮುಚ್ಚಿ ಅಲ್ಲೇ ನಿಂತಿದ್ದಳು.

ಜರಡಿ ಕೆರೆದಾಯಿತು. ಬೋಟು ಹೊರಡುವಾಗ ಕ್ಲೀಟಸ್ ಅಳಿವೆಯ ಕಲ್ಲುಕಟ್ಟೆಯ ತುದಿಗೆ ಹೋಗಿ ಕೂತ, ನಾನೂ ಹಿಂದೆಯೇ ಹೋದೆ. ಬೋಟು ದಪ್ಪ ಧಾರೆ ಸುರಿಸುತ್ತ ನಮ್ಮ ಮುಂದೆಯೇ ಹಾದು ಹೊರಗೆ ಹೋಯಿತು. ಸ್ವಲ್ಪ ಹೊತ್ತಿಗೆ ಜೆರೋಮ್ ಫೋನು ಮಾಡಿ, ಬಲೆ ಎಳೆಯುತ್ತಿದ್ದರೂ ಮುಳ್ಳು ಅಲುಗಿಲ್ಲ ಎಂದ. ಕ್ಲೀಟಸ್ "ಒಳ್ಳೇದಾಯ್ತು" ಎಂದ. ಬೋಟು ಚುಕ್ಕಿಯಾಯಿತು, ಆಮೇಲೆ ಅದೂ ಇಲ್ಲ. ಅವನು ಏಳಲಿಲ್ಲ.

ಸಿಗಡಿ ಸುಲಿಯುವ ಕೆಲಸ ಮುಗಿಸಿ ಆಗ್ನೆಸ್ ಬಂದಳು. ಕಲ್ಲುಗಳ ಮೇಲೆ ತಡವರಿಸುತ್ತ ನಡೆದು ಅವನ ಪಕ್ಕದಲ್ಲಿ ಕೂತಳು. ಆ ಕಟ್ಟೆಯ ಮೇಲೆ ಅವಳನ್ನು ನಾನು ಕಂಡದ್ದು ಅದೇ ಮೊದಲು.

"ಒಂದು ಸುಳ್ಳು ಹೇಳಿದ್ರೆ ಆಗ್ತಿತ್ತು. ನಾನು ಕಳಿಸ್ತಿದ್ದೆ" ಎಂದಳು.

"ಗೊತ್ತು."

ಅವಳು ಕಡಲಿನತ್ತ ನೋಡಿ ಕೇಳಿದಳು: "ಏನಿದೆ ಅಲ್ಲಿ, ಇಷ್ಟು ಆಸೆಪಡೋಕೆ?"

"ಏನೂ ಇಲ್ಲ ಕಣೇ. ಯಾವ ಕಡೆ ನೋಡಿದ್ರೂ ಏನೂ ಇರೋದಿಲ್ಲ" ಎಂದು ಕ್ಲೀಟಸ್ ಹೇಳತೊಡಗಿದ. ಅಷ್ಟಕ್ಕೇ ಮಗುವಿನ ಹಾಗೆ ಅತ್ತುಬಿಟ್ಟ.