ಖಣಿಯ ಹಾದಿಯಲ್ಲಿ ಗಣಿತ ಪರೀಕ್ಷೆ

ಈಗಲೂ ಎಲ್ಲಿಯಾದರೂ ದೊಡ್ಡ ಸದ್ದಾದರೆ ನಾನು ಎಣಿಸಲು ತೊಡಗುತ್ತೇನೆ. ಎಂಟರವರೆಗೆ ಎಣಿಸದೆ ಕುಳಿತಲ್ಲಿಂದ ಏಳಲಾರೆ.

ತುರ್ತು ಪರಿಸ್ಥಿತಿಯ ಕಾಲ. ಬಿ.ಎಸ್ಸಿ. ಮುಗಿಸಿ, ಶಹಾಬಾದಿನ ಹತ್ತಿರದ ಹಳ್ಳಿಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎನ್ನುವುದೂ ಪೂರ್ತಿ ನಿಜವಲ್ಲ. ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಗೆ ತಿಂಗಳಿರುವಾಗ, ದಿಲ್ಲಿ ಸರ್ಕಾರದ ಇಪ್ಪತ್ತು ಅಂಶಗಳ ಕಾರ್ಯಕ್ರಮವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ ಎಂದು ಮೇಲಿನವರು ಹೇಳಿಹೋದರು. ಪರೀಕ್ಷೆಯಲ್ಲಿ ಕೇಳುತ್ತಾರಂತೆ. ಭಿನ್ನರಾಶಿ ಅರ್ಧಕ್ಕೆ ನಿಂತಿತು.

“ಸರ, ಈ ಇಪ್ಪತ್ತರಾಗ ಭಾಗಾಕಾರ ಎಷ್ಟನೇದದ?” ಎಂದು ಒಬ್ಬ ಹುಡುಗಿ ಕೇಳಿದಳು. ತರಗತಿ ನಕ್ಕಿತು. ನಾನು ಬಾಗಿಲು ಮುಚ್ಚಿದೆ. ಆಗ ನಗುವಿಗೂ ಹೆದರಬೇಕಾಗಿತ್ತು.

ಅವಳ ತಂದೆ ಸುಣ್ಣದಕಲ್ಲಿನ ಖಣಿಯಲ್ಲಿ ಬಂಡೆ ಸಿಡಿಸುವ ಸುರಂಗದ ಮದ್ದಿಗೆ ತೂತು ಕೊರೆಯುತ್ತಿದ್ದ. “ಪಾಸಾದ್ರ ಹೈಸ್ಕೂಲು, ಇಲ್ಲಂದ್ರ ಖಣ್ಯಾಗ ಬುಟ್ಟಿ” ಎಂದು ಮಗಳಿಗೆ ಮಾತು ಕೊಟ್ಟಿದ್ದ. “ಬುಟ್ಟಿ ಹೊರಲಿಕ್ಕ ನನ್ನ ತಲಿ ಭಾಳ ಸಣ್ಣದದರಿ” ಎನ್ನುತ್ತಿದ್ದಳು ಅವಳು.

ಗಣಿತ ಪರೀಕ್ಷೆ ಶಹಾಬಾದಿನ ಕೇಂದ್ರದಲ್ಲಿ ಬೆಳಿಗ್ಗೆ ಹತ್ತಕ್ಕಿತ್ತು. ಅದೇ ದಿನ ದಿಲ್ಲಿಯ ಮಂತ್ರಿಯೊಬ್ಬರು ಅಲ್ಲಿಗೆ ಬರುವವರಿದ್ದರು. ಪಟ್ಟಣದ ಶಾಲೆಗಳ ಮಕ್ಕಳು ರಸ್ತೆಯ ಬದಿಯಲ್ಲಿ ಧ್ವಜ ಹಿಡಿದು ನಿಲ್ಲಬೇಕಲ್ಲ, ಪರೀಕ್ಷೆಯನ್ನು ಮಧ್ಯಾಹ್ನ ಒಂದಕ್ಕೆ ತಳ್ಳಿದರು. ನಾನು ಆರು ಮಕ್ಕಳನ್ನು ಕರೆದುಕೊಂಡು ಹೊರಟರೆ, ಮಂತ್ರಿಯ ವಾಹನಗಳಿಗಾಗಿ ಪೊಲೀಸರು ರಸ್ತೆ ಮುಚ್ಚಿದ್ದರು.

“ಪರೀಕ್ಷಾ ಅದರಿ” ಎಂದೆ.

“ನಮಗೂ ಪರೀಕ್ಷಾನೇ ಅದ. ಹಿಂದಕ್ಕ ಸರೀರಿ” ಎಂದ ಪೊಲೀಸಿನವ.

ಉಳಿದದ್ದು ಖಣಿಯ ಕಾಲುದಾರಿ. ಮಧ್ಯಾಹ್ನ ಅಲ್ಲಿ ಸುರಂಗ ಹಾರಿಸುತ್ತಾರೆಂದು ಗೊತ್ತಿತ್ತು. ಆದರೆ ದಾರಿಯ ತಲೆಯಲ್ಲಿ ಕೆಂಪು ಬಾವುಟದವನು ನಿಂತು ತಡೆಯುವುದು ರೂಢಿ. ಅವನಿರಲಿಲ್ಲ. ಹಾಗಾದರೆ ಸುರಂಗ ಹಾರಿಸಿ ಮುಗಿದಿರಬೇಕು ಎಂದುಕೊಂಡೆ. ಮಂತ್ರಿಯ ಸಭೆಗೆ ಜನ ತುಂಬಲು ಅವನನ್ನೂ ಲಾರಿಗೆ ಹತ್ತಿಸಿದ್ದರೆಂದು ತಿಳಿದದ್ದು ಆಮೇಲೆ.

ಅರ್ಧ ದಾರಿಯಲ್ಲಿ ಎಚ್ಚರಿಕೆಯ ಸೀಟಿ ಕೇಳಿಸಿತು. ಆ ಹುಡುಗಿ ಉಳಿದ ಮಕ್ಕಳನ್ನು ಹಾಸುಗಲ್ಲಿನ ರಾಶಿಯ ಹಿಂದೆ ಎಳೆದಳು. ನಾನೂ ಬಿದ್ದೆ. ಮೊದಲ ಸ್ಫೋಟಕ್ಕೇ ಎದೆಯೊಳಗೆ ನೆಲ ಅಲುಗಿದಂತಾಯಿತು. ಚೂರುಗಳು ಮೇಲಿಂದ ಉದುರಿದವು. ಆಮೇಲೆ ಒಂದರ ಹಿಂದೊಂದು. ಕೊನೆಗೆ ನಿಶ್ಶಬ್ದ.

ಗಡಿಯಾರ ನೋಡಿದೆ. ಒಂದಕ್ಕೆ ಇನ್ನು ಹತ್ತೇ ನಿಮಿಷ. “ಏಳ್ರಿ, ಓಡ್ರಿ” ಎಂದು ನಾನೇ ಮೊದಲು ಎದ್ದೆ.

ಅವಳು ನನ್ನ ಧೋತರದ ಚುಂಗು ಹಿಡಿದು ಜಗ್ಗಿದಳು. “ಕುಂದ್ರಿ ಸರ. ಅಪ್ಪ ಮುಂಜಾನಿ ಎಂಟು ತೂತು ಅಂದಾನ. ಏಳೇ ಆಗ್ಯಾವ.”

“ವ್ಯಾಳ್ಯಾ ಆತವ್ವಾ.”

“ಆಗ್ಲಿ. ಕುಂದ್ರಿ.”

ಕುಳಿತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಎಂಟನೆಯದು ಹಾರಿದಾಗ, ನಾವು ಓಡಬೇಕೆಂದಿದ್ದ ದಾರಿಯ ಮೇಲೆ ಎಮ್ಮೆಯಷ್ಟು ದೊಡ್ಡ ಬಂಡೆ ಬಂದು ಬಿತ್ತು.

ಪರೀಕ್ಷಾ ಕೇಂದ್ರ ತಲುಪಿದಾಗ ಪರೀಕ್ಷೆ ಶುರುವಾಗಿ ಅರ್ಧ ಗಂಟೆಯ ಮೇಲೆ ಕೆಲವು ನಿಮಿಷ ಆಗಿತ್ತು. ಅರ್ಧ ಗಂಟೆ ದಾಟಿದರೆ ಒಳಗೆ ಬಿಡುವಂತಿಲ್ಲ, ಅದು ನಿಯಮ. ಮಂತ್ರಿಗಾಗಿ ಇಡೀ ಪರೀಕ್ಷೆ ಮೂರು ಗಂಟೆ ಮುಂದಕ್ಕೆ ಹೋಗಬಹುದು. ಆರು ಮಕ್ಕಳಿಗಾಗಿ ಒಂದು ಬಾಗಿಲು ತೆರೆಯಲಾಗದು. ಮೈತುಂಬ ಸುಣ್ಣದ ಧೂಳು ಮೆತ್ತಿಕೊಂಡ ಮಕ್ಕಳು ಕಿಟಕಿಯ ಹೊರಗೆ ನಿಂತು ಒಳಗೆ ಬರೆಯುತ್ತಿದ್ದವರನ್ನು ನೋಡಿದರು. ನಾನು ಕೂಗಾಡಲಿಲ್ಲ. ಗೇಟಿನಲ್ಲಿ ಪೊಲೀಸರಿದ್ದರು.

ಮರುದಿನ ನನ್ನಿಂದ ವಿವರಣೆ ಕೇಳಿದರು. ಹೆಡ್ ಮಾಸ್ತರರು ಮೆಲ್ಲಗೆ, “ಮಂತ್ರಿ, ರಸ್ತಾ ಅಂತ ಬರಿಬ್ಯಾಡ್ರಿ. ನೀವೂ ಜೇಲಿಗೆ ಹೋಗ್ತೀರಿ, ನಾನೂ ಹೋಗ್ತೀನಿ” ಎಂದರು. ಗೈರುಹಾಜರಿಯ ಕಾರಣದ ಎದುರು ‘ವಿದ್ಯಾರ್ಥಿಗಳ ನಿರ್ಲಕ್ಷ್ಯ’ ಎಂದು ಬರೆದು ಸಹಿ ಹಾಕಿದೆ. ನನ್ನ ಜೀವ ಉಳಿಸಿದವಳ ಹೆಸರೂ ಆ ಕಾಗದದಲ್ಲಿತ್ತು. ದಿಲ್ಲಿಯ ಮೇಲಿನ ಸಿಟ್ಟು ಇಷ್ಟು ವರ್ಷಕ್ಕೆ ಸ್ವಲ್ಪ ಆರಿದೆ. ಆ ಸಹಿಯ ಮೇಲಿನದು ಆರಿಲ್ಲ.

ಮಳೆಗಾಲ ಕಳೆದ ಮೇಲೆ ಒಮ್ಮೆ ಅದೇ ಕಾಲುದಾರಿಯಲ್ಲಿ ಬರುತ್ತಿದ್ದೆ. ಸ್ಫೋಟದ ಸದ್ದು ಕೇಳಿ, ಎಷ್ಟಾದವೆಂದು ತಿಳಿಯದೆ ಕಲ್ಲಿನ ಮರೆಗೆ ಕುಳಿತಿದ್ದೆ. ತಲೆಯ ಮೇಲೆ ಬುಟ್ಟಿ ಹೊತ್ತ ಹುಡುಗಿಯೊಬ್ಬಳು ಹತ್ತಿರ ಬಂದು ನಿಂತಳು.

“ಎಂಟೂ ಆದ್ವು ಸರ,” ಎಂದಳು. “ಹೋಗ್ರಿ.”