ಓಕ್ ಕಾಲಿನ ನಾಲ್ಕು ಮುಖ

ಮಂಜೇಶ್ವರದ ವಿಠಲ ಆಚಾರಿಗೆ ಕೈಕೆಲಸದ ಜಂಬ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಕೊಚ್ಚಿಯ ಪಾಲಾರಿವಟ್ಟಂನ ಮರದಂಗಡಿಯಲ್ಲಿ ನಾಲ್ಕು ವರ್ಷ ತೇಗ ಕೊಯ್ದು, ಅರವತ್ತಾರರಲ್ಲಿ ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಒಂದು ಸಂಸ್ಥೆಗೆ ಬಡಗಿಯಾಗಿ ಸೇರಿದವನು. ಸೇರಿದ್ದೇನೋ ನಿಜ, ಕಾಯಂ ಆಗಬೇಕಲ್ಲ! ಆರು ವರ್ಷವಾದರೂ ದಿನಗೂಲಿಯೇ. ಎಪ್ಪತ್ತೆರಡರ ಆಗಸ್ಟ್ ಹನ್ನೆರಡಕ್ಕೆ ಅವನಿಗೆ ಮೂವತ್ತೈದು ತುಂಬುತ್ತಿತ್ತು. ಆಮೇಲೆ ಸರ್ಕಾರಿ ಕೆಲಸದ ಆಸೆ ಬಿಟ್ಟಂತೆಯೇ. ಅದರೊಳಗೆ ಪರೀಕ್ಷೆಗೊಂದು ಕೆಲಸ ಮಾಡಿ ತೋರಿಸಿ ಬಡಗಿಯ ಹುದ್ದೆ ಹಿಡಿಯಬೇಕಿತ್ತು.

ಏನು ಮಾಡಬೇಕೆಂದು ಹೇಳಿದವರು ಆಡಳಿತಾಧಿಕಾರಿ ಶ್ರೀಕಂಠಯ್ಯ, ಮೈಸೂರಿನವರು. ಫೋರ್ಟ್ ಕೊಚ್ಚಿಯಲ್ಲಿ ಇಂಗ್ಲಿಷರ ಹಳೆಯ ಕಂಪನಿ ಆಫೀಸೊಂದನ್ನು ಕೆಡವಿದಾಗ ಸಂಸ್ಥೆ ಅಲ್ಲಿಂದ ಒಂದಿಷ್ಟು ಓಕ್ ಹಲಗೆ ತರಿಸಿತ್ತು.

"ಆಚಾರ್ರೇ, ಡೈರೆಕ್ಟರ್ ರೂಮಿನ ಮೇಜಿಗೆ ನಾಲ್ಕು ಕಾಲು ಮಾಡಿ. ಈ ಹಲಗೇಲಿ ಬೆಳ್ಳಿ ಥರ ಹೊಳೆಯೋ ಎಂಥಾ ಗೆರೆ ಇದೆ ನೋಡಿ! ಯಾವ ಕಡೆಯಿಂದ ನೋಡಿದ್ರೂ ಈ ಗೆರೆ ಕಾಣ್ಬೇಕು. ಪರೀಕ್ಷಕರು ಬಾಯಿ ಮುಚ್ಕೊಂಡು ಸಹಿ ಹಾಕ್ತಾರೆ."

ಹೇಳುವುದಕ್ಕೇನು, ಸುಲಭ. ಒಂದೇ ತುಂಡು ಮರದಿಂದ ಕಾಲು ಕಡೆದರೆ ಆ ಗೆರೆ ಎದುರುಬದುರು ಎರಡೇ ಮುಖಕ್ಕೆ ಬರುತ್ತದೆ. ನಾಲ್ಕು ಮುಖಕ್ಕೂ ಬೇಕೆಂದರೆ ನಾಲ್ಕು ಪಟ್ಟಿ ಸೀಳಿ, ಅಂಚುಗಳನ್ನು ನಲವತ್ತೈದು ಡಿಗ್ರಿಗೆ ಓರೆಯಾಗಿ ಕೀಸಿ, ಪೆಟ್ಟಿಗೆಯ ಹಾಗೆ ಕೂಡಿಸಿ ಅಂಟಿಸಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮೂಲೆ ಬಾಯಿ ಬಿಡುತ್ತದೆ. ವಿಠಲ ಹದಿನೆಂಟು ದಿನ ಕೀಸಿದ. ಅಂಟಿಲ್ಲದೆ ಜೋಡಿಸಿ ನೋಡಿದರೆ ಸಂದು ಎಲ್ಲಿದೆಯೆಂದು ಅವನೇ ಹುಡುಕಬೇಕಾಯಿತು. ಅವತ್ತು ಮನೆಗೆ ಸಿಳ್ಳೆ ಹಾಕುತ್ತ ಹೋದನಂತೆ.

ಅಂಟಿಸುವ ದಿನ ಧೋ ಎಂದು ಮಳೆ. ಮರವಜ್ರದ ಅಂಟನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಅದು ಆರುವುದರೊಳಗೆ ಪಟ್ಟಿಗಳಿಗೆ ಬಳಿದು, ಚಾಲೈ ಪೇಟೆಯಿಂದ ತಂದ ನಾರಿನ ಹಗ್ಗ ಸುತ್ತಿ ಬಿಗಿದ. ಹಗ್ಗ ಮೂಲೆಗೆ ಕಚ್ಚದಿರಲೆಂದು ಹಳೆಯ ಸೀಮೆಎಣ್ಣೆ ಡಬ್ಬದ ಕಬ್ಬಿಣದ ತಗಡನ್ನು ಮಡಚಿ ಮೂಲೆಮೂಲೆಗೂ ಕೊಟ್ಟ. ತೇಗಕ್ಕೂ ಹಲಸಿಗೂ ಹತ್ತು ವರ್ಷದಿಂದ ಹೀಗೇ ಮಾಡಿದವನು. ಓಕ್ ಮರ ಒದ್ದೆಯಿದ್ದಾಗ ಕಬ್ಬಿಣ ತಾಗಬಾರದೆಂದು ಪಾಪ, ಅವನಿಗೆ ಹೇಳುವವರಾದರೂ ಯಾರು? ಆ ಮರಕ್ಕೆ ಉಳಿ ಹಚ್ಚಿದವರು ಅವನಿಗೆ ಗೊತ್ತಿದ್ದವರಲ್ಲಿ ಒಬ್ಬರೂ ಇರಲಿಲ್ಲ.

ಮೂರನೆಯ ದಿನ ಹಗ್ಗ ಬಿಚ್ಚಿ ತಗಡು ತೆಗೆದ. ಹದಿನಾರು ಮೂಲೆಗಳೂ ಮೇಲಿಂದ ಕೆಳಗಿನ ತನಕ ಮಸಿ ಬಳಿದಂತೆ ಕಪ್ಪಾಗಿದ್ದವು. ಉಜ್ಜಿದ, ಕೀಸಿದ, ಕಪ್ಪು ಒಳಕ್ಕಿಳಿದಿತ್ತು. ಇನ್ನೂ ಕೀಸಿದರೆ ಮೂಲೆಯ ಕೂಡೇ ಬಿಟ್ಟುಹೋಗುತ್ತದೆ. ಹೊಸದಾಗಿ ಮಾಡೋಣವೆಂದರೆ ಹಲಗೆ ಮುಗಿದಿತ್ತು, ಪರೀಕ್ಷೆಗೆ ಇದ್ದದ್ದು ಐದೇ ದಿನ.

ಉಳ್ಳೂರಿನ ಬಾಡಿಗೆ ಮನೆಯಲ್ಲಿ ಅವನು ಊಟ ಬಿಟ್ಟು ಕೂತಾಗ ಹೆಂಡತಿ ಸುಮಿತ್ರ ಹೇಳಿದಳು: "ಬಿಂಬುಳಿ ಕಾಯಿಯ ಹುಳಿ ರಸ ಹಾಕಿ ನೋಡಿ ಮಾರಾಯ್ರೆ. ಬಟ್ಟೆಗೆ ತುಕ್ಕಿನ ಕಲೆ ಆದ್ರೆ ನಾನು ಅದ್ರಲ್ಲೇ ತೆಗೆಯುದಲ್ವಾ?"

ಮರುದಿನ ಒಂದು ಕಾಲಿನ ಬುಡಕ್ಕೆ ರಸ ಸವರಿದ. ಕಪ್ಪು ಕರಗಿ ಮರದ ಬಣ್ಣ ಎದ್ದು ಬಂತು! ಕುಣಿಯುವುದೊಂದು ಬಾಕಿ. ಗಂಟೆ ಕಳೆಯುವುದರೊಳಗೆ ರಸದ ನೀರಿಗೆ ಅಂಟು ಮೆತ್ತಗಾಗಿ ಅಲ್ಲಿ ಮೂಲೆ ಬಿರಿಯತೊಡಗಿತು. ಕಲೆ ತೆಗೆದರೆ ಕೂಡು ಬಿಡುತ್ತದೆ, ಕೂಡು ಉಳಿಸಿದರೆ ಕಲೆ ಉಳಿಯುತ್ತದೆ. ಅಂಟು ಮತ್ತೆ ಬಿಸಿ ಮಾಡಿ ಸಂದಿಗೆ ಬಳಿದು, ಆ ಬುಡಕ್ಕೆ ಬಟ್ಟೆ ಸುತ್ತಿ ಕಟ್ಟಿ, ತಲೆ ಮೇಲೆ ಕೈಹೊತ್ತು ಕೂತ.

ಶ್ರೀಕಂಠಯ್ಯ ಬಂದು ನೋಡಿದರು. "ಪೂರ್ತಿ ಕಪ್ಪು ಪಾಲಿಶ್ ಹೊಡೆದ್ಬಿಡಿ ಆಚಾರ್ರೇ."

"ಗೆರೆ ಕಾಣುದಿಲ್ಲ ಸಾರ್. ಅದು ಕಾಣ್ಲಿಕ್ಕೆ ಅಲ್ವಾ ಇಷ್ಟೆಲ್ಲ ಮಾಡಿದ್ದು?"

"ಗೆರೆ ಬೇಕೋ, ಕೆಲಸ ಬೇಕೋ?"

ವಿಠಲನಿಗೆ ಕೆಲಸ ಬೇಕಿತ್ತು. ಅರಗಿನ ಪಾಲಿಶ್‌ಗೆ ದೀಪದ ಕಾಡಿಗೆ ಬೆರೆಸಿ, ಹತ್ತಿಯ ಉಂಡೆಯಲ್ಲಿ ಮೂರು ದಿನ ಉಜ್ಜಿದ. ಮೊದಲನೆಯ ಕೈ ಹೊಡೆದಾಗ ಗೆರೆ ಮಸುಕಾಗಿ ಕಂಡಿತು, ನಾಲ್ಕನೆಯ ಕೈಗೆ ಮುಳುಗಿಯೇ ಹೋಯಿತು. ಉಜ್ಜುತ್ತ ಅತ್ತ. ಹೌದು, ಮೂವತ್ತೈದರ ಗಂಡಸು ಕೂತು ಅತ್ತ, ಅದರಲ್ಲಿ ನಾಚಿಕೆಯೇನು ಬಂತು?

ಪರೀಕ್ಷೆಯ ದಿನ ಪರೀಕ್ಷಕ ದಾಮೋದರನ್ ಬಗ್ಗಿ ನೋಡಿದರು. ಹೊಳಪಿನಲ್ಲಿ ಅವರ ಮುಖ ಕಂಡಿತು. "ಫಸ್ಟ್ ಕ್ಲಾಸ್ ಪಾಲಿಶ್!" ಎಂದರು.

"ಸಾರ್, ಜಾಯಿಂಟ್..." ವಿಠಲ ಮೂಲೆಯನ್ನು ಬೆರಳಲ್ಲಿ ತೋರಿಸಿದ.

"ಗುಡ್, ಗುಡ್," ಎನ್ನುತ್ತ ಅವರು ಮುಂದಿನವನ ಕಡೆ ಹೊರಟೇಬಿಟ್ಟರು. ಮೂಲೆಯನ್ನು ಮುಟ್ಟಲೂ ಇಲ್ಲ.

ಆಗಸ್ಟ್ ಹತ್ತಕ್ಕೆ ಆದೇಶ ಬಂತು. ಹೆಸರು ಸರಿ, ಕಾಯಂ ಎಂದಿದ್ದದ್ದೂ ಸರಿ. ಹುದ್ದೆ ಮಾತ್ರ ಪಾಲಿಶರ್.

"ಪರೀಕ್ಷಕರು ರಿಪೋರ್ಟಲ್ಲಿ ಅದನ್ನೇ ಬರೆದಿದ್ದಾರೆ ಕಣ್ರೀ, ನಾನೇನ್ ಮಾಡ್ಲಿ?" ಶ್ರೀಕಂಠಯ್ಯ ಮುಖ ತಿರುಗಿಸಿಕೊಂಡೇ ಹೇಳಿದರು. "ನಾಡಿದ್ದು ವಯಸ್ಸು ಮೀರತ್ತೆ. ಈಗ ತಕರಾರು ತೆಗೀಬೇಡಿ."

ವಿಠಲ ಸಹಿ ಹಾಕಿದ. ಮನೆಯಲ್ಲಿ ಸುಮಿತ್ರ ಪಾಯಸ ಮಾಡಿದ್ದಳು. "ಕಾಯಂ ಆಯ್ತಲ್ಲ, ಇನ್ನೆಂತ ಬೇಕು?" ಎಂದಳು. ಅವಳದೇನು ತಪ್ಪು? ಅವನು ಮಾತ್ರ ಪಾಯಸದ ಲೋಟವನ್ನು ಅವಳ ಕಡೆಗೇ ಸರಿಸಿದ.

ಮುಂದಿನ ತಿಂಗಳು ಬಡಗಿಯ ಹುದ್ದೆಗೆ ಮೋಹನ ಎಂಬವನು ಬಂದ. ಮನುಷ್ಯ ಒಳ್ಳೆಯವನೇ, ಉಳಿ ಮಾತ್ರ ಅವನ ಕೈಗೆ ಒಗ್ಗಿದ್ದಲ್ಲ. ಅವನು ಮಾಡಿದ ಮೊದಲ ಕುರ್ಚಿ ಪಾಲಿಶ್‌ಗೆಂದು ವಿಠಲನ ಮುಂದೆ ಬಂತು. ಕಾಲಿನ ಕೂಡಿಗೆ ಉಗುರು ತೂರಿಸಿ ನೋಡಿದ, ಸಲೀಸಾಗಿ ಒಳಗೆ ಹೋಯಿತು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಸಂದು ಮುಚ್ಚಲು ಮೇಣದ ಡಬ್ಬ ತೆರೆದ.